ಮೂಡಲ ಬಾಗಿಲಲ್ಲಿ ನಿಂತ ಹೆತ್ತವರು

ಬೆಂಗಳೂರಿನಿಂದ ಚಿತ್ತೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರ ಕಳೆದು ಮುಳಬಾಗಿಲು ದಾಟಿದರೆ ಗಡಿಯಂಚಿನಲ್ಲಿ ಸಿಗುವ ಊರು ನಂಗಲಿ. ಅಲ್ಲಿಂದ ಮುಂದೆ ಆಂಧ್ರದ ಪಲಮನೇರು. ಲಾರಿಗಳ ಸಾಲು, ಟೊಮೆಟೊ ಕ್ರೇಟುಗಳು, ಎರಡು ಲಿಪಿಗಳ ಅಂಗಡಿ ಬೋರ್ಡುಗಳು ಇವಿಷ್ಟೇ ದಾರಿಹೋಕರ ಕಣ್ಣಿಗೆ ಬೀಳುತ್ತವೆ. ಆದರೆ ಈ ಊರಿನ ಹೆಸರು ಶಾಸನಗಳಷ್ಟು ಹಳೆಯದು. ಹನ್ನೆರಡನೇ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನ ಗೆದ್ದ ನಾಡುಗಳ ಪಟ್ಟಿಯಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯೂ ಇದೆ. ಅವನ ರಾಜ್ಯದ ಮೂಡಣ ಎಲ್ಲೆಯೆಂದು ಶಾಸನಗಳು ಹೇಳುವುದು ನಂಗಲಿಯ ಘಟ್ಟವನ್ನೇ. ಮುಳಬಾಗಿಲು ಎಂಬ ಹೆಸರೂ 'ಮೂಡಲ ಬಾಗಿಲು' ಎಂಬುದರಿಂದ ಬಂದದ್ದು.

ಬಾಗಿಲೆಂದ ಮೇಲೆ ಬರುವವರು ಹೋಗುವವರು ಇದ್ದೇ ಇರುತ್ತಾರೆ. ಈ ಭಾಗದ ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು, ಕಚೇರಿಯ ಮಾತು ಕನ್ನಡ. ಸಂತೆಗೆ ತಮಿಳು, ಉರ್ದು ಎರಡೂ ಬೇಕು. ದನ ಕೊಳ್ಳುವುದಕ್ಕೆ, ಹೆಣ್ಣು ತರುವುದಕ್ಕೆ, ಪಂಚಾಯಿತಿ ಮಾಡುವುದಕ್ಕೆ ಇಲ್ಲಿ ಭಾಷೆ ಯಾವತ್ತೂ ಅಡ್ಡ ಬಂದದ್ದಿಲ್ಲ. ಅಡ್ಡ ಬರುವುದು ಒಂದೇ ಕಡೆ, ಸರ್ಕಾರಿ ಶಾಲೆಯ ಕಾಂಪೌಂಡಿನ ಬಳಿ. ತೆಲುಗಿನಲ್ಲಿ ಶಾಲೆಗೆ 'ಬಡಿ' ಎನ್ನುತ್ತಾರೆ. ಕನ್ನಡದಲ್ಲಿ ಬಡಿ ಎಂದರೆ ಹೊಡೆ, ಬಡಿಗೆ ಎಂದರೆ ದೊಣ್ಣೆ. 'ಮಾ ಪಿಲ್ಲೋಡು ಬಡಿಕಿ ಪೋಯಿನಾಡು' ಎಂದು ತಾಯಿ ಹೇಳಿದರೆ ಬಯಲುಸೀಮೆಯ ಇನ್ನೊಂದು ಮೂಲೆಯಿಂದ ನೇಮಕವಾಗಿ ಬಂದ ಹೊಸ ಮೇಷ್ಟರು ಒಂದು ಕ್ಷಣ ಗಾಬರಿಯಾಗುವುದು ಸಹಜ. ಇದು ನಗೆಯ ಮಾತು. ನಗೆಯಲ್ಲದ ಮಾತೆಂದರೆ, ಪೋಷಕರ ಸಭೆಯ ದಿನ ಅದೇ ತಾಯಿ ಒಳಗೆ ಬರದೆ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ನಿಂತುಬಿಡುವುದು. ಕರೆದರೂ, 'ನಮಗೇನು ತಿಳಿಯುತ್ತೆ ಸ್ವಾಮಿ, ನೀವೇ ನೋಡ್ಕೊಳ್ಳಿ' ಎಂಬ ಉತ್ತರ.

ಇದನ್ನು ಪೋಷಕರ ಅನಾಸಕ್ತಿ ಎಂದು ವರದಿಯಲ್ಲಿ ಬರೆದು ಮುಗಿಸುವುದು ಸುಲಭ. ಇತಿಹಾಸ ಬೇರೆ ಮಾತು ಹೇಳುತ್ತದೆ. ಕೋಲಾರ ಸೀಮೆಯಲ್ಲಿ ಶಾಲೆಗೂ ಪರಭಾಷೆಯ ಹೆತ್ತವರಿಗೂ ಇರುವ ನಂಟು ಒಂದೂವರೆ ಶತಮಾನದಷ್ಟು ಹಳೆಯದು. ಆ ನಂಟಿನಲ್ಲಿ ಲೆಕ್ಕಕ್ಕೆ ಸಿಕ್ಕ ಹೆತ್ತವರಿಗೆ ಶಾಲೆ ಬಾಗಿಲು ತೆರೆದಿದೆ. ಲೆಕ್ಕಕ್ಕೆ ಸಿಗದವರು ಹೊರಗೇ ಉಳಿದಿದ್ದಾರೆ.

ಐಗಳು ಮನೆಗೆ ಬರುತ್ತಿದ್ದ ಕಾಲ

ಸರ್ಕಾರ ಶಾಲೆ ತೆರೆಯುವ ಮೊದಲು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇದ್ದದ್ದು ಕೂಲಿಮಠ. ಗುಡಿಯ ಕೈಸಾಲೆಯಲ್ಲೋ ಯಾರಾದರೂ ಸ್ಥಿತಿವಂತರ ಮನೆಯ ಜಗಲಿಯ ಮೇಲೋ ಮರಳು ಹರಡಿ, ಮಕ್ಕಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದ ಗುರುವಿಗೆ ಐಗಳು ಎಂದು ಹೆಸರು. ಐಗಳಿಗೆ ಸಂಬಳ ಕೊಡುತ್ತಿದ್ದವರು ಮಕ್ಕಳ ತಂದೆತಾಯಿ. ಕಾಸಾಗಿ ಕೊಡುವವರು ಕಡಿಮೆ, ರಾಗಿ, ಅವರೆ, ಬೆಲ್ಲ, ತರಕಾರಿಯಾಗಿ ಕೊಡುವವರು ಹೆಚ್ಚು. ಕೂಲಿ ಕೊಡುವವರ ಕೈಯಲ್ಲಿ ಸ್ವಲ್ಪವಾದರೂ ಅಧಿಕಾರ ಇರುತ್ತದೆ. ಲೆಕ್ಕ, ಪತ್ರ ಬರೆಯುವುದು, ಶತಕಗಳ ಬಾಯಿಪಾಠ ಹೀಗೆ ಏನು ಕಲಿಸಬೇಕೆಂಬುದು ಊರವರಿಗೆ ಗೊತ್ತಿತ್ತು, ಕಲಿಸದಿದ್ದರೆ ಕೇಳುತ್ತಿದ್ದರು.

ಮಹಾನವಮಿಯ ದಿನಗಳಲ್ಲಂತೂ ಮಠವೇ ಮನೆಬಾಗಿಲಿಗೆ ಬರುತ್ತಿತ್ತು. ಐಗಳು ಮಕ್ಕಳನ್ನು ಸಿಂಗರಿಸಿ, ಸಾಲು ಹಿಡಿಸಿ, ಮನೆಮನೆಯ ಮುಂದೆ ಚೌಪದ ಹಾಡಿಸುತ್ತಿದ್ದರು. ಮನೆಯವರು ಮಗನ ಕಂಠ ಕೇಳಿ, ಕಲಿತದ್ದೆಷ್ಟು ಎಂದು ಅಳೆದು, ಐಗಳ ಮಡಿಲಿಗೆ ದಕ್ಷಿಣೆ ಹಾಕುತ್ತಿದ್ದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೇ ವಾರ್ಷಿಕ ವರದಿ, ಅದೇ ಪೋಷಕರ ಸಭೆ. ಒಂದೇ ವ್ಯತ್ಯಾಸವೆಂದರೆ ಆಗ ನಡೆದು ಬರುತ್ತಿದ್ದದ್ದು ಶಾಲೆ, ಜಗಲಿಯ ಮೇಲೆ ಕೂತು ಕೇಳುತ್ತಿದ್ದವರು ಹೆತ್ತವರು.

ಇದನ್ನು ಸುವರ್ಣಯುಗವೆಂದು ಬಣ್ಣಿಸಬೇಕಾಗಿಲ್ಲ. ಕೂಲಿಮಠದ ಜಗಲಿ ಹತ್ತಲು ಎಲ್ಲ ಜಾತಿಯ ಮಕ್ಕಳಿಗೂ ಅವಕಾಶವಿರಲಿಲ್ಲ, ಹೆಣ್ಣುಮಕ್ಕಳಿಗೆ ಬಹುಮಟ್ಟಿಗೆ ಇರಲೇ ಇಲ್ಲ. ದಕ್ಷಿಣೆ ಕೊಡಲಾರದವನು ಆ ಲೆಕ್ಕದಿಂದ ಹೊರಗೆ. ಲೆಕ್ಕಕ್ಕೆ ಸಿಗುವವರು, ಸಿಗದವರು ಎಂಬ ಭೇದ ಅಲ್ಲೇ ಶುರುವಾಗಿದೆ.

ನಂಗಲಿಯ ಹೆಸರನ್ನು ಆಧುನಿಕ ಓದುಗರಿಗೆ ತಿಳಿಸಿಕೊಟ್ಟವರು ಶಾಸನತಜ್ಞ ಬಿ.ಎಲ್. ರೈಸ್. ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟ 1905ರಲ್ಲಿ ಹೊರಬಂತು. ರೈಸ್ ಶಾಸನ ಓದುವುದಕ್ಕೆ ಮೊದಲು ಮೈಸೂರಿನ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರೆಂಬುದು ಅನೇಕರಿಗೆ ಮರೆತುಹೋಗಿದೆ. 1868ರಲ್ಲಿ ಅವರು ಹೋಬಳಿ ಶಾಲೆಗಳ ಯೋಜನೆ ರೂಪಿಸಿದರು. ಹೋಬಳಿಗೊಂದು ಶಾಲೆ. ಆದರೆ ಊರವರು ತಾವಾಗಿ ಶಾಲೆ ಬೇಕೆನ್ನಬೇಕು, ಶಾಲೆಗೆ ಮನೆ ಒದಗಿಸಬೇಕು, ಆಗ ಸರ್ಕಾರ ಮೇಷ್ಟರ ಸಂಬಳ ಕೊಡುತ್ತದೆ ಎಂಬುದು ಅದರ ತಿರುಳು.

ಗಮನಿಸಬೇಕಾದ ತಿರುವು ಇದು. ಊರವರ ಒಪ್ಪಿಗೆ ಬೇಕು, ಊರವರ ಕಟ್ಟಡ ಬೇಕು. ಆದರೆ ಸಂಬಳ ಬರುವುದು ಹುಜೂರಿನಿಂದಾದ್ದರಿಂದ ಪಾಠವೂ ಅಲ್ಲಿಂದಲೇ ಬರುತ್ತದೆ. ಐಗಳು ಊರಿಗೆ ಜವಾಬುದಾರರಾಗಿದ್ದರು, ಹೋಬಳಿ ಶಾಲೆಯ ಮೇಷ್ಟರು ಇನ್‌ಸ್ಪೆಕ್ಟರಿಗೆ ಜವಾಬುದಾರರಾದರು. ಅಲ್ಲಿಂದ ಮುಂದೆ ತಂದೆತಾಯಿಗಳನ್ನು ಶಾಲೆ ಕರೆದದ್ದು ಜಾಗಕ್ಕೆ, ಹೆಂಚಿಗೆ, ತೊಲೆಗೆ. ಮಗು ಏನು ಕಲಿಯುತ್ತಿದೆ ಎಂದು ಅವರನ್ನು ಕೇಳುವ ರೂಢಿ ತಪ್ಪಿತು. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲಿ ಬಂದ ಪ್ರಾಥಮಿಕ ಶಿಕ್ಷಣದ ಶಾಸನ ಆಯ್ದ ಕಡೆಗಳಲ್ಲಿ ಶಿಕ್ಷಣವನ್ನು ಕಡ್ಡಾಯ ಮಾಡಿತು. ದೂರದೃಷ್ಟಿಯ ಕೆಲಸವೇನೋ ಹೌದು. ಆದರೆ ಕಡ್ಡಾಯದ ಕಣ್ಣಿಗೆ ತಂದೆ ಕಾಣಿಸುವುದು ಮಗನನ್ನು ಕಳಿಸಿದವನಾಗಿ ಅಥವಾ ಕಳಿಸದ ತಪ್ಪಿತಸ್ಥನಾಗಿ. ಮೂರನೆಯ ಪಾತ್ರ ಅವನಿಗೆ ಇರಲಿಲ್ಲ.

ಚಿನ್ನದ ನೆಲದ ತಮಿಳು ಮಕ್ಕಳು

ಹೋಬಳಿ ಶಾಲೆಗಳು ತೆಲುಗು ಮನೆಮಾತಿನ ಒಕ್ಕಲುಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಹೊತ್ತಿನಲ್ಲೇ, ಅದೇ ಜಿಲ್ಲೆಯ ಇನ್ನೊಂದು ಮೂಲೆಗೆ ದೊಡ್ಡದೊಂದು ವಲಸೆ ಆರಂಭವಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಉತ್ತರ ಆರ್ಕಾಟು, ಸೇಲಂ ಕಡೆಯಿಂದ ತಮಿಳರು, ಚಿತ್ತೂರು ಕಡೆಯಿಂದ ತೆಲುಗರು ಮೇಸ್ತ್ರಿಗಳ ಹಿಂದೆ ಬಂದು ತಟ್ಟಿಯ ಗೋಡೆಯ ಲೈನುಮನೆಗಳಲ್ಲಿ ತುಂಬಿಕೊಂಡರು. ಅವರಲ್ಲಿ ಬಹುಪಾಲು ದಲಿತರು. 1901ರ ಜನಗಣತಿಯ ಹೊತ್ತಿಗೆ ಅಲ್ಲಿನ ಜನಸಂಖ್ಯೆ 38 ಸಾವಿರ ದಾಟಿತ್ತು. ಮರುವರ್ಷ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಳಕು ಬಂದಷ್ಟು ಬೇಗ ಶಾಲೆ ಬರಲಿಲ್ಲವೆಂಬುದು ಬೇರೆ ಮಾತು.

ಐರೋಪ್ಯ ಅಧಿಕಾರಿಗಳ ಮಕ್ಕಳಿಗೆ ಒಂದು ಬಗೆಯ ಶಾಲೆ, ಕೂಲಿಕಾರರ ಮಕ್ಕಳಿಗೆ ಇನ್ನೊಂದು ಬಗೆಯದು. ಕ್ರೈಸ್ತ ಮಿಷನರಿಗಳು ಒಂದಿಷ್ಟು ನಡೆಸಿದರು. ಉಳಿದದ್ದನ್ನು ಗಣಿಯವರು ತಾವೇ ಕಟ್ಟಿಕೊಂಡರು. ಮದರಾಸಿನ ಅಯೋತ್ತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಬೇರು ಬಿಟ್ಟಿತು. ಅವರು 1907ರಲ್ಲಿ ಆರಂಭಿಸಿದ 'ತಮಿಳನ್' ವಾರಪತ್ರಿಕೆ ಅವರ ಕಾಲದ ನಂತರ, 1920ರ ದಶಕದಲ್ಲಿ, ಚಿನ್ನದ ಗಣಿಯಿಂದಲೇ ಮತ್ತೆ ಹೊರಬಂತು. ಹಗಲೆಲ್ಲ ನೆಲದೊಳಗೆ ಕಲ್ಲು ಒಡೆದು ಮೇಲೆ ಬಂದವರು ಸಂಜೆ ಪತ್ರಿಕೆ ಓದಿಸಿ ಕೇಳುವಂಥ ವಾತಾವರಣ ಅದು. ಓದು ಬಾರದ ಹೆತ್ತವರಿಗೆ ಓದಿನ ಬೆಲೆ ಗೊತ್ತಿಲ್ಲ ಎನ್ನುವವರು ಕೆ.ಜಿ.ಎಫ್.ನ ಈ ಪುಟವನ್ನು ನೋಡಬೇಕು.

ಅಲ್ಲಿನ ಇನ್ನೊಂದು ಘಟನೆಯನ್ನೂ ಇಲ್ಲಿ ನೆನೆಯಬಹುದು. 1930ರಲ್ಲಿ ಗಣಿ ಕಾರ್ಮಿಕರು ಮೂರು ವಾರ ಮುಷ್ಕರ ಹೂಡಿದರು. ಮುಖ್ಯ ಕಾರಣ, ಪ್ರತಿಯೊಬ್ಬನೂ ಬೆರಳಚ್ಚು ಕೊಡಬೇಕೆಂಬ ಹೊಸ ನಿಯಮ. ತಮ್ಮನ್ನು ಕಳ್ಳರಂತೆ ದಾಖಲು ಮಾಡಿಕೊಳ್ಳುವುದು ಅವರಿಗೆ ಅವಮಾನವೆನಿಸಿತ್ತು. ಶಾಲೆಯ ಅರ್ಜಿಯ ಮೇಲೆ 'ಇಲ್ಲಿ ಹೆಬ್ಬೆಟ್ಟು ಒತ್ತು' ಎಂದು ಹೇಳಿಸಿಕೊಳ್ಳುವ ತಂದೆಯ ಮುಖ ಯಾಕೆ ಬಾಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗಿಲ್ಲ.

ನಲವತ್ತು ಮಕ್ಕಳ ಲೆಕ್ಕ

ಸ್ವಾತಂತ್ರ್ಯ ಬಂದ ಮೇಲೆ ಮೊದಲ ಬಾರಿಗೆ ಪರಭಾಷೆಯ ಹೆತ್ತವರ ಕೈಗೆ ಒಂದು ಹಕ್ಕು ಬಂತು. ಅದು ಬಂದದ್ದು ಸಂಖ್ಯೆಯ ರೂಪದಲ್ಲಿ. 1949ರ ಆಗಸ್ಟ್‌ನಲ್ಲಿ ಸೇರಿದ್ದ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಸೂತ್ರ ಹಾಕಿಕೊಟ್ಟಿತು. ಇಡೀ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಅವರಿಗೆ ಆ ಭಾಷೆಯಲ್ಲಿ ಪಾಠ ಹೇಳುವ ಉಪಾಧ್ಯಾಯರನ್ನು ಕೊಡಬೇಕು ಎಂಬುದು ಆ ಸೂತ್ರ. 1956ರಲ್ಲಿ ಭಾಷಾವಾರು ರಾಜ್ಯಗಳು ರಚನೆಯಾದಾಗ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ.

ಕೋಲಾರಕ್ಕೆ ಇದು ಬರಿಯ ಕಾಗದದ ವಿಷಯವಾಗಿರಲಿಲ್ಲ. ಫಜಲ್ ಅಲಿ ಆಯೋಗ 1955ರಲ್ಲಿ ರಾಜ್ಯಗಳ ಗಡಿ ಗೊತ್ತುಮಾಡುವಾಗ ಈ ಜಿಲ್ಲೆಯಲ್ಲಿ ಕನ್ನಡಿಗರಿಗಿಂತ ತೆಲುಗರೇ ಹೆಚ್ಚೆಂಬ ಸಂಗತಿ ಅದರ ಮುಂದಿತ್ತು. ಆದರೂ ಕೋಲಾರ ಮೈಸೂರಿನಲ್ಲೇ ಇರಲಿ ಎಂದು ಆಯೋಗ ಹೇಳಿತು. ಜಿಲ್ಲೆಯ ಜನ ಇದನ್ನು ದೊಡ್ಡ ತಕರಾರಿಲ್ಲದೆ ಒಪ್ಪಿಕೊಂಡರು. ಮನೆಯಲ್ಲಿ ಒಂದು ಭಾಷೆ, ಬರಹಕ್ಕೆ ಇನ್ನೊಂದು ಎಂಬುದು ಇಲ್ಲಿಯವರಿಗೆ ಹೊಸದೇನಲ್ಲ. ಮಾಲೂರು ತಾಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರು ಕನ್ನಡಕ್ಕೆ ಏನಾದರು ಎಂಬುದನ್ನು ಹೇಳಬೇಕಾಗಿಲ್ಲ. ಆದರೆ ಎಲ್ಲ ಮನೆಗಳೂ ಮಾಸ್ತಿಯವರ ಮನೆಯಂತೆ ಅಕ್ಷರಸ್ಥ ಮನೆಗಳಲ್ಲವಲ್ಲ.

ನಲವತ್ತರ ಲೆಕ್ಕದಲ್ಲಿ ಒಂದು ಗುಟ್ಟಿದೆ. ಲೆಕ್ಕ ತಾನಾಗಿ ಆಗುವುದಿಲ್ಲ, ಹೆತ್ತವರು ಮುಂದೆ ಬಂದು ಇದು ನಮ್ಮ ಮನೆಮಾತು ಎಂದು ಬರೆಸಬೇಕು. ಒಗ್ಗಟ್ಟು ಇರುವಲ್ಲಿ, ಒಂದೇ ಕಡೆ ನೆಲೆನಿಂತವರಿರುವಲ್ಲಿ ಇದು ಸಾಧ್ಯವಾಯಿತು. ಕೆ.ಜಿ.ಎಫ್.ನಲ್ಲಿ ತಮಿಳು, ಕೋಲಾರ ಮುಳಬಾಗಿಲುಗಳಲ್ಲಿ ಉರ್ದು ಶಾಲೆಗಳು ನಿಂತದ್ದು ಹೀಗೆ ಗುಂಪಾಗಿ ಕೇಳಿದವರ ಬಲದಿಂದ. ಹಳ್ಳಿಹಳ್ಳಿಗಳಲ್ಲಿ ಚದುರಿಹೋದ ತೆಲುಗು ಮನೆಗಳು ಹೆಚ್ಚಾಗಿ ಕೇಳಲಿಲ್ಲ, ಮಕ್ಕಳು ಕನ್ನಡ ಶಾಲೆಗೇ ಹೋದರು. ಕನ್ನಡ ಬೇಕು ಎಂಬ ಆಸೆಯಿಂದ ಹೋದವರು ಎಷ್ಟೋ, ಕೇಳುವುದು ಹೇಗೆಂದು ತಿಳಿಯದೆ ಹೋದವರು ಎಷ್ಟೋ.

ಕನ್ನಡಿಗರೇ ವಲಸಿಗರಾದ ಕಡೆ ಇದೇ ಲೆಕ್ಕ ಇನ್ನೊಂದು ಮಗ್ಗುಲಿನಿಂದ ಕಾಣುತ್ತದೆ. ಮುಂಬಯಿಗೆ ಹೋಟೆಲು, ಗಿರಣಿ, ಬಂದರಿನ ಕೆಲಸಕ್ಕೆ ಹೋದ ಕರಾವಳಿಯವರು ಮತ್ತು ಉತ್ತರ ಕರ್ನಾಟಕದವರು ಅಲ್ಲಿ ಸಂಘ ಕಟ್ಟಿ, ರಾತ್ರಿಶಾಲೆ ತೆರೆದು, ನಗರಪಾಲಿಕೆಯಿಂದ ಕನ್ನಡ ಮಾಧ್ಯಮದ ಶಾಲೆಗಳನ್ನು ಪಡೆದುಕೊಂಡರು. ಅಲ್ಲಿ ನಮ್ಮವರು ಕೇಳಿದ್ದು ತಪ್ಪಲ್ಲವೆಂದಾದರೆ ಇಲ್ಲಿ ಇತರರು ಕೇಳುವುದೂ ತಪ್ಪಲ್ಲ. ಕನ್ನಡದ ಮೇಲಿನ ಅಭಿಮಾನಕ್ಕೆ ಇದರಿಂದ ಕುಂದು ಬರುವುದಿಲ್ಲ.

ಎಂಬತ್ತರ ದಶಕದಲ್ಲಿ ಕೇಳುವ ದನಿ ಶಾಲೆಯ ಅಂಗಳದಿಂದ ನ್ಯಾಯಾಲಯಕ್ಕೆ ಹೋಯಿತು. 1981ರಲ್ಲಿ ಗೋಕಾಕ್ ವರದಿ, 1982ರಲ್ಲಿ ರಾಜಕುಮಾರ್ ಮುಂದಾಳತ್ವದ ಚಳವಳಿ, ಅದೇ ಜುಲೈನಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆ ಎಂಬ ಸರ್ಕಾರಿ ಆದೇಶ. ಅದರ ಮೇಲೆ ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋದರು, 1989ರಲ್ಲಿ ತೀರ್ಪು ಅವರ ಪರವಾಗಿ ಬಂತು. ಸರ್ಕಾರ ತಿದ್ದಿ ಹೊರಡಿಸಿದ ನೀತಿಯನ್ನು ಸುಪ್ರೀಂಕೋರ್ಟು 1993ರಲ್ಲಿ ಎತ್ತಿಹಿಡಿಯಿತು. ಆ ಮೊಕದ್ದಮೆಯ ಅರ್ಜಿದಾರರು ಯಾರೆಂದರೆ ಇಂಗ್ಲಿಷ್ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಸಂಘ! ಕಡೆಗೆ 2014ರ ಮೇ 6ರಂದು ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸಬೇಕಾದವರು ತಂದೆತಾಯಿ ಅಥವಾ ಪಾಲಕರು ಎಂದಿತು.

ಕಾನೂನಿನಲ್ಲಿ ಹೆತ್ತವರಿಗೆ ಇಷ್ಟು ದೊಡ್ಡ ಸ್ಥಾನ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ದೆಹಲಿಯ ತನಕ ಹೋಗಬಲ್ಲ ಪೋಷಕರೇ ಬೇರೆ, ಹೊಂಗೆಮರದ ಕೆಳಗೆ ನಿಂತ ಪೋಷಕರೇ ಬೇರೆ. ತೀರ್ಪಿನ ಫಲ ಉಂಡದ್ದು ಬಹುಪಾಲು ಇಂಗ್ಲಿಷ್ ಶಾಲೆಗಳು. ಗಡಿಹಳ್ಳಿಗಳಲ್ಲೂ ಈಗ ತೆಲುಗು ಶಾಲೆ ಬೇಕೆಂದು ಕೇಳುವವರು ವಿರಳ, ಇಂಗ್ಲಿಷ್ ಬೇಕೆನ್ನುವವರೇ ಹೆಚ್ಚು.

ಸಮಿತಿ ಬಂತು

ಕರ್ನಾಟಕದಲ್ಲಿ ಪೋಷಕರಿಗೆ ಶಾಲೆಯೊಳಗೆ ಕುರ್ಚಿ ಹಾಕಿಕೊಟ್ಟದ್ದು 2001ರಲ್ಲಿ. ಅದಕ್ಕೂ ಮೊದಲು ಶಾಲಾ ಬೆಟರ್‌ಮೆಂಟ್ ಕಮಿಟಿ, ಗ್ರಾಮ ಶಿಕ್ಷಣ ಸಮಿತಿ ಎಂದೆಲ್ಲ ಇದ್ದವು. ಅವುಗಳಲ್ಲಿ ಹೆಚ್ಚಾಗಿ ಊರ ದೊಡ್ಡವರೇ ಕೂರುತ್ತಿದ್ದರು. ಅವರ ಮಕ್ಕಳು ಆ ಶಾಲೆಯಲ್ಲಿ ಓದುತ್ತಿರಬೇಕೆಂದೇನೂ ಇರಲಿಲ್ಲ. ವಿಜ್ಞಾನಿ ರಾಜಾ ರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಹಿಂದೆಯೇ, 2001ರ ಏಪ್ರಿಲ್ 28ರ ಆದೇಶದಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಹುಟ್ಟಿದವು. ಜನರ ಬಾಯಲ್ಲಿ ಎಸ್‌ಡಿಎಂಸಿ. ಆ ಶಾಲೆಯಲ್ಲಿ ಓದುವ ಮಕ್ಕಳ ತಂದೆತಾಯಿಗಳೇ ಸೇರಿ ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿಕೊಳ್ಳುವ ಪದ್ಧತಿ ಇದು. 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಂದಿ ಮಹಿಳೆಯರಾಗಿರಬೇಕು, ದುರ್ಬಲ ವರ್ಗದವರಿಗೆ ಅವರ ಪ್ರಮಾಣದಷ್ಟು ಸ್ಥಾನ ಸಿಗಬೇಕು.

ನಂಗಲಿ ಕಡೆಯ ಊರುಗಳಲ್ಲಿ ಸಮಿತಿಯಿಂದ ಆದ ಒಂದು ಉಪಕಾರವನ್ನು ಒಪ್ಪಬೇಕು. ತೆಲುಗು ಮನೆಮಾತಿನ ತಂದೆತಾಯಿ ಅಲ್ಲಿ ಕಾಯಂ ನಿವಾಸಿಗಳು, ಮತದಾರರು. ಅವರು ಸಮಿತಿಗೆ ಬಂದರು, ಅಧ್ಯಕ್ಷರೂ ಆದರು. ಚರ್ಚೆ ತೆಲುಗಿನಲ್ಲಿ, ನಡಾವಳಿ ಪುಸ್ತಕ ಕನ್ನಡದಲ್ಲಿ. ಇದರಿಂದ ಯಾರಿಗೂ ನಷ್ಟವಾಗಿಲ್ಲ. ಎರಡು ಭಾಷೆ ಬಲ್ಲ ಸ್ಥಳೀಯ ಶಿಕ್ಷಕರಿದ್ದರಂತೂ ಮಾತಿಗೆ ಕೊರತೆಯೇ ಇಲ್ಲ. ಮಗುವಿನ ಓದು ಬರಹವನ್ನು ಊರ ಮುಂದೆ ತೋರಿಸುವ 'ಸಮುದಾಯದತ್ತ ಶಾಲೆ' ಕಾರ್ಯಕ್ರಮವಂತೂ, ಅರಿತೋ ಅರಿಯದೆಯೋ, ಹಳೆಯ ಮಹಾನವಮಿಯ ಚೌಪದದ ನೆನಪು ತರುತ್ತದೆ. ಮರದ ಕೆಳಗಿನ ತಾಯಿ ಇನ್ನೂ ಪೂರ್ತಿ ಒಳಗೆ ಬಂದಿಲ್ಲ, ನಿಜ. ಕರೆದವರು ಅವಳ ಮಾತಿನಲ್ಲೇ ಕರೆದಲ್ಲಿ ಬಂದಿದ್ದಾಳೆ.

ಕೆ.ಜಿ.ಎಫ್.ನಲ್ಲಿ ಕಥೆ ತಿರುಗುಮುರುಗಾಯಿತು. ಸಮಿತಿಯ ಆದೇಶ ಹೊರಡುವುದಕ್ಕೆ ಎರಡು ತಿಂಗಳ ಮುಂಚೆ, 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಒಂದು ಶತಮಾನದಿಂದ ನೆಲೆನಿಂತಿದ್ದ ಜನ ಈಗ ದಿನವಹಿ ವಲಸಿಗರು. ನಸುಕಿನಲ್ಲೇ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಹೋಗಿ ದುಡಿದು, ರಾತ್ರಿ ಮನೆ ಸೇರುವವರು ಸಾವಿರಾರು ಮಂದಿ. ಮಧ್ಯಾಹ್ನ ಮೂರು ಗಂಟೆಗೆ ಸಭೆಯಿಟ್ಟರೆ ಅವರು ಬರುವುದು ಹೇಗೆ? ಅಲ್ಲಿ ಅಡ್ಡಿ ಭಾಷೆಯದಲ್ಲ, ಗಡಿಯಾರದ್ದು.

ಇಟ್ಟಿಗೆಯ ಋತು, ಶಾಲೆಯ ಋತು

ಈ ಲೆಕ್ಕಗಳಲ್ಲಿ ಯಾವುದಕ್ಕೂ ಸಿಗದವರು ಮಾಲೂರಿನಲ್ಲಿದ್ದಾರೆ. ಮಾಲೂರಿನ ಹೆಂಚು, ಇಟ್ಟಿಗೆಗಳಿಗೆ ಬೆಂಗಳೂರು ಬೆಳೆದಷ್ಟೂ ಬೇಡಿಕೆ. ಮಳೆಗಾಲ ಮುಗಿದು ಮಣ್ಣು ಒಣಗುವ ಹೊತ್ತಿಗೆ ತಮಿಳುನಾಡು, ಆಂಧ್ರ, ಒಡಿಶಾ, ಬಿಹಾರ ಮತ್ತು ನಮ್ಮದೇ ಉತ್ತರದ ಜಿಲ್ಲೆಗಳಿಂದ ಸಂಸಾರಗಳು ಬಂದಿಳಿಯುತ್ತವೆ. ಗೂಡಿನ ಬಳಿಯೇ ಗುಡಿಸಲು. ಪಶ್ಚಿಮ ಒಡಿಶಾದ ಬಲಾಂಗೀರ್, ನುವಾಪಾಡ ಕಡೆಯಿಂದ ಇಟ್ಟಿಗೆ ಗೂಡುಗಳಿಗೆ ಹೊರಡುವವರ ರೀತಿಯೇ ಬೇರೆ. ನುವಾಖಾಯಿ ಎಂಬ ಹೊಸಕ್ಕಿ ಹಬ್ಬ ಕಳೆದ ಮೇಲೆ ಸರದಾರನೆಂಬ ದಲ್ಲಾಳಿ ಮುಂಗಡ ಹಣ ಹಂಚುತ್ತಾನೆ. ಮುಂಗಡ ಲೆಕ್ಕವಾಗುವುದು 'ಪಥುರಿಯಾ' ಎಂಬ ಘಟಕಕ್ಕೆ. ಪಥುರಿಯಾ ಎಂದರೆ ಗಂಡ, ಹೆಂಡತಿ ಮತ್ತು ಒಂದು ಮಗು. ಮಣ್ಣು ಕಲಸಲು, ಅಚ್ಚು ಹಾಕಲು, ಒಣಗಿದ ಇಟ್ಟಿಗೆ ತಿರುವಿಡಲು ಮೂರು ಜೊತೆ ಕೈ. ಸಣ್ಣ ಇಟ್ಟಿಗೆ ಮಗುಚುವುದಕ್ಕೆ ಹಗುರ ಮೈಯ ಮಗುವೇ ಅನುಕೂಲ ಎಂಬುದು ಗೂಡಿನವರ ಲೆಕ್ಕ. ಶಾಲೆಯ ಲೆಕ್ಕಕ್ಕೆ ಸಿಗದ ಮಗು ಗೂಡಿನ ಲೆಕ್ಕಕ್ಕೆ ಮೊದಲೇ ಸಿಕ್ಕಿರುತ್ತದೆ.

ಕಾನೂನು ಇವರನ್ನು ಮರೆತಿದೆ ಎನ್ನುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ವಲಸೆ ಕುಟುಂಬದ ಮಕ್ಕಳನ್ನು ಶಾಲೆಗೆ ಸೇರಿಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ. ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ತೊಡಕಿರುವುದು ಕ್ಯಾಲೆಂಡರಿನಲ್ಲಿ. ನಮ್ಮ ಶಾಲೆ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯುತ್ತದೆ. ಇಟ್ಟಿಗೆಯ ಋತು ನವೆಂಬರ್, ಡಿಸೆಂಬರಿಗೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಮಗು ಬರುವ ಹೊತ್ತಿಗೆ ಅರ್ಧ ಪಾಠ ಮುಗಿದಿರುತ್ತದೆ. ಸಮಿತಿ ರಚನೆಯಾಗಿರುತ್ತದೆ, ಅದರ ಅವಧಿ ವರ್ಷಗಳ ಲೆಕ್ಕದ್ದು. ಆರೇಳು ತಿಂಗಳು ಮಾತ್ರ ಊರಲ್ಲಿರುವ ತಂದೆ ಅದರಲ್ಲಿ ಸದಸ್ಯನಾಗುವುದೆಂತು? ನಲವತ್ತರ ಸೂತ್ರವೂ ಇವರಿಗಿಲ್ಲ. ಒಂದು ಗೂಡಿನಲ್ಲಿ ಆರು ಒಡಿಯಾ ಮಕ್ಕಳು, ಪಕ್ಕದ ಗೂಡಿನಲ್ಲಿ ನಾಲ್ಕು ತಮಿಳು ಮಕ್ಕಳು ಇದ್ದರೆ ಯಾವ ಮಾತೃಭಾಷೆಗೆ ಯಾವ ಉಪಾಧ್ಯಾಯರು?

ಕರ್ನಾಟಕದಲ್ಲಿ ಇದಕ್ಕೆಂದೇ ಟೆಂಟ್ ಶಾಲೆಗಳು ಬಂದವು. ಶಾಲೆ ಬಿಟ್ಟ ಮಕ್ಕಳಿಗೆ 'ಚಿಣ್ಣರ ಅಂಗಳ' ಬಂತು. ಕಾಮಗಾರಿಯ ಬಳಿಯಲ್ಲೇ ಚಪ್ಪರ ಹಾಕಿ ಪಾಠ ಹೇಳುವ ಟೆಂಟ್ ಶಾಲೆ ಒಳ್ಳೆಯ ಉಪಾಯ, ಶಾಲೆಯೇ ನಡೆದು ಬರುವ ಹಳೆಯ ರೀತಿ ಅದು. ಆದರೆ ಕಲಿಸುವುದು ಕನ್ನಡದಲ್ಲಿ. ಊರಿಗೆ ಮರಳಿದ ಮೇಲೆ ಆ ಕಲಿಕೆಯನ್ನು ಅಲ್ಲಿನ ಶಾಲೆ ಹೇಗೆ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ಗಟ್ಟಿಯಾಗಿಲ್ಲ. ಆಂಧ್ರ, ತಮಿಳುನಾಡುಗಳ ಇಟ್ಟಿಗೆ ಗೂಡುಗಳಲ್ಲಿ ಒಡಿಶಾದಿಂದ ಪಠ್ಯಪುಸ್ತಕ ತರಿಸಿ ಒಡಿಯಾದಲ್ಲೇ ಪಾಠ ಹೇಳಿಸಿದ ಪ್ರಯೋಗಗಳು ನಡೆದಿವೆ. ಮಕ್ಕಳನ್ನು ಗೂಡಿಗೆ ಕರೆದೊಯ್ಯದೆ ಊರಲ್ಲೇ ಬಿಟ್ಟುಹೋಗಲೆಂದು ಒಡಿಶಾ ತನ್ನ ವಲಸೆಯ ಜಿಲ್ಲೆಗಳಲ್ಲಿ ಋತುಮಾನದ ಹಾಸ್ಟೆಲುಗಳನ್ನು ತೆರೆದಿದೆ. ಇವೆಲ್ಲ ಮಕ್ಕಳಿಗಾಗಿ ಮಾಡಿದ ಏರ್ಪಾಡುಗಳು. ತಂದೆತಾಯಿಗಳ ಜೊತೆ ಮಾತಾಡಿ ಮಾಡಿದ್ದು ಕಡಿಮೆ.

ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಪಟ್ಟಣದಲ್ಲಿ ಮೆಕ್ಸಿಕನ್ ಮೂಲದ ಕೂಲಿಕಾರರ ಮಕ್ಕಳು ಶಾಲೆಯಲ್ಲಿ ಹಿಂದೆ ಬೀಳುತ್ತಿದ್ದರು. ಲೂಯಿಸ್ ಮೋಲ್ ಎಂಬ ವಿದ್ವಾಂಸ ಮತ್ತು ಅವರ ಸಂಗಡಿಗರು ಶಿಕ್ಷಕರನ್ನೇ ಆ ಮನೆಗಳಿಗೆ ಕಳಿಸಿದರು. ಬುದ್ಧಿ ಹೇಳಲಿಕ್ಕಲ್ಲ, ಆ ಮನೆಯವರಿಗೆ ಏನೇನು ಗೊತ್ತಿದೆ ಎಂದು ಕೇಳಿ ಬರೆದುಕೊಳ್ಳಲಿಕ್ಕೆ. ಬೇಸಾಯ, ಕಟ್ಟಡದ ಕೆಲಸ, ಗಿಡಮೂಲಿಕೆ, ವ್ಯಾಪಾರ ಹೀಗೆ ಮನೆಮನೆಯಲ್ಲೂ ತಿಳಿವಳಿಕೆಯ ಕಣಜವಿತ್ತು. ಅದನ್ನು ತರಗತಿಯ ಪಾಠಕ್ಕೆ ತಂದರು. 1992ರಲ್ಲಿ ಅವರು ಪ್ರಕಟಿಸಿದ ಬರಹ ಶಿಕ್ಷಣದ ವಿದ್ಯಾರ್ಥಿಗಳಿಗೆ ಇಂದಿಗೂ ಓದಬೇಕಾದ ಬರಹ. ಅಲ್ಲಿ ಶಿಕ್ಷಕ ಬಾಗಿಲು ತಟ್ಟಿದ್ದು ಕಲಿಯುವವನಾಗಿ. ಹಾಗಾಗಿ ಮನೆಯವರಿಗೆ ಸಂಕೋಚ ಬಿಟ್ಟುಹೋಯಿತು.

ಮಾಲೂರಿನ ಗೂಡಿನ ತಂದೆಗೂ ಗೊತ್ತಿರುವುದು ಕಡಿಮೆಯಲ್ಲ. ಯಾವ ಕೆರೆಯ ಮಣ್ಣಿಗೆ ಎಷ್ಟು ಮರಳು ಬೆರೆಸಬೇಕು, ಸಾವಿರ ಇಟ್ಟಿಗೆ ಪೇರಿಸಲು ಎಷ್ಟು ಜಾಗ ಬೇಕು, ಗೂಡಿನ ಬೆಂಕಿ ಎಷ್ಟು ದಿನ ಉರಿಯಬೇಕು, ಮುಂಗಡದಲ್ಲಿ ಈ ವಾರ ಎಷ್ಟು ತೀರಿತು ಇವೆಲ್ಲ ಗಣಿತವೇ. ನಾಲ್ಕನೆಯ ತರಗತಿಯ ಗುಣಾಕಾರವನ್ನು ಇಟ್ಟಿಗೆಯ ಲೆಕ್ಕದಲ್ಲಿ ಹೇಳಿಕೊಟ್ಟರೆ ಆ ಮಗುವೇ ತರಗತಿಗೆ ಮುಂದಾಗಬಹುದು. ಅದಕ್ಕೆ ಒಡಿಯಾ ಬಲ್ಲ ಉಪಾಧ್ಯಾಯರೇ ಆಗಬೇಕೆಂದಿಲ್ಲ. ಒಂದೆರಡು ಋತು ಇಲ್ಲಿ ಕಳೆದು ಹರಕುಮುರುಕು ಕನ್ನಡ ಕಲಿತ ಹೆಂಗಸರು ಪ್ರತಿ ಗೂಡಿನಲ್ಲೂ ಸಿಗುತ್ತಾರೆ. ಅವರಲ್ಲೊಬ್ಬರನ್ನು ದುಭಾಷಿಯಾಗಿ ಕರೆದು, ಸಂಬಳ ಬಟವಾಡೆಯ ದಿನ ಸಂಜೆ ಗೂಡಿನ ಬಳಿಯೇ ಸಭೆ ನಡೆಸಲು ಯಾವ ಕಾಯ್ದೆಯೂ ಅಡ್ಡಿ ಮಾಡುವುದಿಲ್ಲ. ಬೇಕಾದ್ದು ಮುಖ್ಯೋಪಾಧ್ಯಾಯರಿಗೆ ಅಷ್ಟು ಬಿಡುವು, ಗೂಡಿನ ಮಾಲೀಕನಿಗೆ ಅಷ್ಟು ಮನಸ್ಸು. ಎರಡನೆಯದು ಸಿಗುವುದು ಹೆಚ್ಚು ಕಷ್ಟ ಎಂಬುದನ್ನು ಮುಚ್ಚಿಡಬೇಕಾಗಿಲ್ಲ, ಏಕೆಂದರೆ ಶಾಲೆಗೆ ಹೋದ ಮಗು ಇಟ್ಟಿಗೆ ತಿರುವಿಡುವುದಿಲ್ಲ. ತಂದೆಗೂ ಅದು ಗೊತ್ತು, ಮುಂಗಡ ತೀರುವವರೆಗೆ ಅವನೂ ಬಾಯಿ ಬಿಡಲಾರ.

ಶಾಲೆಯ ದಾಖಲಾತಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರುಗಳ ಜೊತೆಗೆ ಮಾತೃಭಾಷೆ ಎಂಬ ಅಂಕಣವೂ ಇರುತ್ತದೆ. ನಂಗಲಿಯ ಕಡೆ ಅದರಲ್ಲಿ ತೆಲುಗು ಎಂದು ಬರೆಯುತ್ತಾರೆ, ಪಾಠ ಕನ್ನಡದಲ್ಲಿ ನಡೆಯುತ್ತದೆ, ಹೆತ್ತವರಿಗೂ ಅದು ಒಪ್ಪಿಗೆ. ಮಾಲೂರಿನಲ್ಲಿ ಡಿಸೆಂಬರಿನಲ್ಲಿ ಸೇರಿದ ಮಗುವಿನ ಹೆಸರಿನ ಮುಂದೆ ಏಪ್ರಿಲ್‌ವರೆಗೆ ಹಾಜರಿಯ ಗುರುತುಗಳು ಅಲ್ಲೊಂದು ಇಲ್ಲೊಂದು ಬೀಳುತ್ತವೆ. ಮೊದಲ ಮಳೆಗೆ ಗೂಡು ಆರುತ್ತದೆ. ಜೂನ್‌ನಲ್ಲಿ ಹೊಸ ಹಾಜರಿ ಪುಸ್ತಕ ತೆರೆದು ಮೇಷ್ಟರು ಹೆಸರು ಕೂಗುವ ಹೊತ್ತಿಗೆ ಆ ಸಂಸಾರ ರೈಲು ಹತ್ತಿ ತನ್ನ ಊರು ಸೇರಿ ಗದ್ದೆಗೆ ಇಳಿದಿರುತ್ತದೆ.